ಹನ್ನೊಂದನೆಯ ಅಳುವವಳು

ಪಕ್ಕದ ಮನೆಯ ಜನರೇಟರು ಕೆಮ್ಮಿ ಕೆಮ್ಮಿ
ಸುಮ್ಮನಾದಾಗ ನಾಲ್ಕೂವರೆ.
ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ
ಈ ಲೇಗೋಸಿನಲ್ಲಿ ಎಚ್ಚರವಾಗುತ್ತದೆ.
ಬಕೆಟ್ಟು ಒಂದೇ. ಅರ್ಧ ನೀರು ಅಬೊಸೆಡೆಗೆ ಬಿಟ್ಟು,
ಅವಳು ಹೊಲಿದುಕೊಟ್ಟ, ನಾನಿನ್ನೂ ದುಡ್ಡು ಕೊಡದ
ಕಪ್ಪು ಗೌನನ್ನು ಚೀಲಕ್ಕೆ ತುರುಕಿದೆ.
ಇವತ್ತು ಕೆಲಸವಿದೆ.
ಸುರುಲೆರೆಯಲ್ಲಿ, ಒಂಬತ್ತಕ್ಕೆ, ಸತ್ತವರೊಬ್ಬರಿಗೆ ಅಳಬೇಕು.

ಹಳದಿ ಬಸ್ಸಿನ ಬಾಗಿಲಿಗೆ ಬಾವಲಿಯಂತೆ ಜೋತ ಹುಡುಗ
ಚಿಲ್ಲರೆಯಿಲ್ಲವೆಂದು
ನನ್ನನ್ನೂ ಪಕ್ಕದ ಮುದುಕರನ್ನೂ
ಒಂದೇ ನೋಟಿಗೆ ಗಂಟು ಹಾಕಿದ:
"ಇಳಿದು ಮುರಿಸಿ ಹಂಚಿಕೊಳ್ಳಿ,
ಅಲ್ಲಿಯತನಕ ನೀವಿಬ್ಬರೂ ಗಂಡಹೆಂಡತಿ."
ಬಸ್ಸೆಲ್ಲ ನಕ್ಕಿತು. ಮುದುಕರು ನಗಲಿಲ್ಲ.
"ಏನು ಮಾಡಿಕೊಂಡಿದ್ದೀ ಮಗಳೇ?"
"ನಟಿ" ಅಂದೆ.
ಆ ಪದ ಬಾಯಲ್ಲಿ ಬಾಣಲೆಯಿಂದ ಈಗಷ್ಟೇ ಎತ್ತಿದ ಅಕಾರಾ,
ನುಂಗುವಂತಿಲ್ಲ, ಉಗುಳುವಂತಿಲ್ಲ.
"ಯಾವುದರಲ್ಲಿ ನೋಡಿದ್ದೇನೆ ನಿನ್ನ?"
ಮದುವೆಯೊಂದರಲ್ಲಿ ತಟ್ಟೆ ಹಿಡಿದು ಹಾದುಹೋದ ಕೈ,
ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಬೆನ್ನು,
ರಾಣಿಯ ಹಿಂದೆ ಅರ್ಧ ಬೀಸಣಿಗೆ.
ಅವರು ತಲೆದೂಗಿದರು, ಎಲ್ಲ ನೋಡಿದವರಂತೆ.
ಇಳಿದ ಮೇಲೆ, "ಇಲ್ಲೇ ಇರು" ಎಂದು ನೋಟು ಹಿಡಿದು
ಎದುರಂಗಡಿಗೆ ಹೋದರು, ನಿಧಾನ, ಮಂಡಿನೋವಿನ ನಡಿಗೆ.
ನಾನು ಕಾದೆ. ಹತ್ತು ನಿಮಿಷ ಕಾದೆ.
ಅಂಗಡಿಗೆ ಹಿಂಬಾಗಿಲಿತ್ತು.

ಅಳುವವರು ಹನ್ನೆರಡು ಜನ. ಹೆಸರಿಲ್ಲ, ನಂಬರು.
ನಾನು ಹನ್ನೊಂದು.
ಹೆಣ ಪೆಟ್ಟಿಗೆಯಲ್ಲಿ ಎದ್ದು ಕೂತು ಬ್ರೆಡ್ಡು ತಿನ್ನುತ್ತಿತ್ತು;
ಅದರ ಕೂಲಿ ನನ್ನದರ ನಾಲ್ಕರಷ್ಟು,
ಬರೀ ಮಲಗಿರುವುದಕ್ಕೆ.
"ಆ್ಯಕ್ಷನ್!"
ಅತ್ತೆ.
ನೆಂಬೆಯ ಹೊಳೆಯಲ್ಲಿ ದೋಣಿ ಬಂದು ನಿಂತಾಗ
ಒಳಗೆ ಅಜ್ಜಿ ಮಲಗಿದ್ದಳಲ್ಲ,
ಆವತ್ತು ದಂಡೆಯಲ್ಲಿ ಬೆರಳು ಚೀಪುತ್ತ ನಿಂತು
ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತೆ.
ನಡುವೆ ನಮ್ಮ ಇಜೋ ಮಾತು ತಾನಾಗಿ ಬಂತು.
"ಕಟ್!"
ನಿರ್ದೇಶಕಿ ನನ್ನತ್ತಲೇ ನಡೆದು ಬಂದಳು.
ಹೆಸರು ಕೇಳುತ್ತಾಳೆ, ಈಗ ಕೇಳುತ್ತಾಳೆ,
ತಿಮಿಪ್ರೆ ಎಂದು ಬಿಡಿಸಿ ಹೇಳಬೇಕು...
"ಹನ್ನೊಂದು, ಸ್ವಲ್ಪ ಕಮ್ಮಿ ಅಳು.
ವಿಧವೆ ಅವಳು, ನೀನಲ್ಲ."
ಎರಡನೆಯ ಟೇಕಿಗೆ ನನ್ನನ್ನು ಕಂಬದ ಹಿಂದೆ ನಿಲ್ಲಿಸಿದರು.
ಅಲ್ಲಿಯೂ ಅತ್ತೆ,
ಕಂಬಕ್ಕೆ ಮಾತ್ರ ಕೇಳುವಷ್ಟು.

ಮೂರು ಗಂಟೆಗೆ, ಸೇತುವೆಯಾಚೆ, ಸೋಪಿನ ಪುಡಿಗೆ ಆಡಿಷನ್.
ಸೇತುವೆಯ ಮೇಲೆ ನಗರ ಪೂರಾ ನಿಂತಿತ್ತು;
ವಾಹನಗಳ ನಡುವೆ ನೀರಿನ ಪೊಟ್ಟಣ, ಚಾರ್ಜರು, ಇಲಿಪಾಷಾಣ
ಓಡಾಡುತ್ತಿದ್ದವು.
ನಾನು ಕಿಟಕಿಯ ಗಾಜಿಗೆ ನಗು ತೋರಿಸಿ ಅಭ್ಯಾಸ ಮಾಡಿದೆ.
"ಬಿಳಿ ಅಂಗಿ ನೋಡಿ ಹಿಗ್ಗಬೇಕು" ಅಂದರು.
ಹಿಗ್ಗಿದೆ.
"ಕಣ್ಣಿಗೇನಾಗಿದೆ?"
ಕೆಲಸದ ಮೇಲೆ ಆದದ್ದು ಎಂದೆ.
"ಫೋನು ಮಾಡುತ್ತೇವೆ."
ಈ ಮಾತನ್ನು ಮಾತ್ರ ಎಲ್ಲರೂ ಎಷ್ಟು ಚೆನ್ನಾಗಿ ಹೇಳುತ್ತಾರೆ!

ರಾತ್ರಿ ಹತ್ತೂಮುಕ್ಕಾಲು.
ಕರೆಂಟಿಲ್ಲ. ಲಾಟೀನಿನ ಬೆಳಕಲ್ಲಿ ಅಬೊಸೆಡೆ ಯಾರದೋ ಲಂಗಕ್ಕೆ
ಅಂಚು ಮಡಿಸುತ್ತಿದ್ದಳು.
ಗೌನಿನ ಕಂಕುಳು ಹರಿದದ್ದು ಕಂಡು, "ಅತ್ತೆಯೋ, ಕುಸ್ತಿ ಮಾಡಿದೆಯೋ?"
ಕೂಲಿಯಲ್ಲಿ ಅರ್ಧ ಅವಳ ಮಡಿಲಿಗೆ ಹಾಕಿ
"ನನ್ನ ಗಂಡ ಓಡಿಹೋದ ಕತೆ ಕೇಳು" ಅಂದೆ.
ಮಂಚದಿಂದ ಬಾಗಿಲಿಗೆ ಎಂಟು ಹೆಜ್ಜೆ.
ಆ ಎಂಟರಲ್ಲಿ ಮುದುಕರು ರಸ್ತೆ ದಾಟಿದರು:
ಎಡ ಮಂಡಿ ತುಸು ಒಳಕ್ಕೆ,
ನೋಟು ಮುಷ್ಟಿಯಲ್ಲಿ, ಮುಷ್ಟಿ ಜೇಬಿನಲ್ಲಿ,
ತಿರುಗಿ ನೋಡಬೇಕೆನ್ನುವ ಕತ್ತು,
ನೋಡದೆ ಹೋದ ಕತ್ತು.
ಅಬೊಸೆಡೆ ಬಿದ್ದು ಬಿದ್ದು ನಕ್ಕಳು.
ಆಮೇಲೆ ನಗು ನಿಲ್ಲಿಸಿದಳು.
ಸೂಜಿ ಬಟ್ಟೆಗೆ ಚುಚ್ಚಿಟ್ಟು
"ಪಾಪ, ಬೆಳಗ್ಗೆ ಏನಾದರೂ ತಿಂದಿದ್ದನೋ ಇಲ್ಲವೋ" ಅಂದಳು.

ನಾನು ಬಾಗಿಲ ಬಳಿಯೇ ನಿಂತಿದ್ದೆ,
ಮಂಡಿ ಇನ್ನೂ ಒಳಕ್ಕೆ.
ಪಕ್ಕದ ಮನೆಯಲ್ಲಿ ಯಾರೋ
ಜನರೇಟರಿನ ಹಗ್ಗ ಎಳೆದರು. ಮತ್ತೆ ಎಳೆದರು.